ಸಣ್ಣ ಪಾಕೀಟಿನ ಬೀಜ

ಪುಟ್ಟಮ್ಮ ಅವತ್ತು ಮುಂದಿನ ಸಾಲಿನಲ್ಲೇ ಕೂತಿದ್ದರು. ಹಾಗಂತ ನನ್ನ ನೆನಪು. ಈಗ ಆ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲ.

ಮೂರು ವರ್ಷದ ಹಿಂದೆ, ಎಚ್.ಡಿ. ಕೋಟೆ ಕಡೆಯ ಅವರ ಹಳ್ಳಿಯಲ್ಲಿ ಬಿಟಿ ಹತ್ತಿಯ ಬಗ್ಗೆ ರೈತರಿಗೆ ಟ್ರೈನಿಂಗ್ ಕೊಟ್ಟವನು ನಾನು. (ಕೃಷಿ ಪದವಿಯ ಬಿಸಿ ಆಗಿನ್ನೂ ಆರಿರಲಿಲ್ಲ.) ಬೀಜದ ಡಬ್ಬಿಯೊಳಗೆ ಎರಡು ಪಾಕೀಟು. ದೊಡ್ಡದರಲ್ಲಿ ಕಾಯಿಕೊರಕ ಹುಳುವನ್ನು ಕೊಲ್ಲುವ ಬಿಟಿ ಬೀಜ, ಸಣ್ಣದರಲ್ಲಿ ಮಾಮೂಲಿ ಹತ್ತಿ. ಸಣ್ಣದನ್ನು ಹೊಲದ ಅಂಚಿನ ಸುತ್ತ ಹಾಕಬೇಕು. ಅದು ಹುಳುವಿಗೆ ಬಿಟ್ಟ ಪಾಲು. ಎಲ್ಲ ಹುಳುವೂ ಬಿಟಿಯನ್ನೇ ತಿಂದು ಅದಕ್ಕೆ ಒಗ್ಗಿಕೊಂಡುಬಿಟ್ಟರೆ? ಇಷ್ಟನ್ನೂ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ.

ಮೊನ್ನೆ ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಗೆ ಕಾಯುವಾಗ ಪುಟ್ಟಮ್ಮ ಸಿಕ್ಕರು. ಊರಲ್ಲಿ ಯಾರ ಹೊಲ ಬಿತ್ತಿದರೂ ಮೊದಲ ಕಾಳು ಇವರ ಕೈಯಿಂದಲೇ ಬೀಳಬೇಕಿತ್ತು. ಅಂಥ ಕೈಗುಣ.

"ಈ ಸಲ ಎಷ್ಟು ಹೊಲ ಬಿತ್ತಿದಿರಮ್ಮ?"

"ಯಾರ್ ಕರೀತಾರೆ ಸಾ ನನ್ನ? ನಿಮ್ ಹೊಸ ಬೀಜ ಹಾಕಿದ್ ವರ್ಸವೇ ಎಲ್ಲ ಮುಗೀತು."

ಆ ವರ್ಷ ಅವರು ಬಿತ್ತಿದ ಹೊಲಗಳಲ್ಲೆಲ್ಲ ಅಲ್ಲೊಂದು ಇಲ್ಲೊಂದು ಗಿಡಕ್ಕೆ ಕಾಯಿಕೊರಕ ಹುಳು ಬಿತ್ತಂತೆ. ಪಕ್ಕದ ಗಿಡ ಚೆನ್ನಾಗಿದೆ, ಇದರ ಕಾಯಿ ತೂತು. ನನಗೆ ಅನುಮಾನ ಬಂತು. ಸಣ್ಣ ಪಾಕೀಟು ಏನು ಮಾಡಿದಿರಿ ಎಂದು ಕೇಳಿದೆ.

"ಮೊಳೀದಿರೋ ಗುಣಿಗೆಲ್ಲ ಅದ್ನೇ ಹಾಕ್ದೊ. ನಮ್ಮತ್ತೆ ಕಾಲ್ದಿಂದ್ಲೂ ಅಂಗೇ. ಮಿಕ್ಕಿದ್ ಬೀಜ ಬಿಸಾಕ್ತಾರಾ ಸಾ?"

ಹೇಳಿದ್ದೆನಲ್ಲ, ನೀವೂ ಮುಂದೆ ಕೂತು ಕೇಳಿದಿರಲ್ಲ ಎಂದೆ.

"ನಾನೆಲ್ ಕೂತಿದ್ದೆ? ನಿಮ್ಗೆಲ್ಲ ಮುದ್ದೆ ತೊಳಸ್ತಾ ಇತ್ಲಲ್ಲಿದ್ದೆ. ಮೀಟಿಂಗ್‌ನಲ್ಲಿ ಇದ್ದೋರು ನಮ್ ಯಜಮಾನ್ರು. ಮನೆಗ್ ಬಂದು 'ಒಳ್ಳೆ ಬೀಜ ಕಣಮ್ಮಿ' ಅಂದ್ರು, ಅಷ್ಟೇಯ. ಈಗ ಎದುರ್ಮನೆ ಜಯಮ್ಮ 'ನೀ ಮುಟ್ಟುದ್ರೆ ಹುಳ ಉಟ್ತದೆ ಬುಡಕ್ಕ' ಅಂತ ಆಡ್ಕತಾಳೆ."

ಹುಳು ಬಿದ್ದದ್ದು ಆ ಮಾಮೂಲಿ ಗಿಡಗಳಿಗೆ, ತಪ್ಪು ನಿಮ್ಮ ಕೈಯದಲ್ಲ, ನಾನೇ ಊರಿಗೆ ಬಂದು ಹೇಳುತ್ತೇನೆ ಎಂದೆ.

"ಯಾರ್‌ಗ್ ಯೋಳ್ತೀರಾ? ಮತ್ತೆ ಗಂಡುಸ್ರುಗೇ ತಾನೆ?"

ಬಸ್ಸು ಬಂತು. ಹತ್ತಿ ಹೋದರು.

ಹೊಸ ತಳಿ ಹುಟ್ಟುವುದು ಲ್ಯಾಬಿನಲ್ಲಿ ಎಂದು ಕಾಲೇಜಿನಲ್ಲಿ ಕಲಿತೆವು. ಅದು ಮಣ್ಣಿಗೆ ಬೀಳುವುದು ಯಾರ ಕೈಯಿಂದ? ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ಹುಳುವಿಗೂ ಒಂದು ಪಾಲು ಎತ್ತಿಟ್ಟ ಜಾಣರು ನಾವು. ಬಿತ್ತುವವರನ್ನು ಮರೆತೆವು.

ಆದರೂ ಮುಂದಿನ ಸಾಲಿನ ಆ ಮುಖ ಕಣ್ಣಿಂದ ಹೋಗಲಿಲ್ಲ. ಮನೆಗೆ ಬಂದವನೇ ಹಳೆಯ ಫೈಲು ತೆಗೆದೆ. ಹಾಜರಿ ಹಾಳೆಯಲ್ಲಿ ಎಲ್ಲ ಸಹಿಯೂ ಗಂಡಸರದ್ದೇ. ಹಾಳೆ ತಿರುಗಿಸಿದೆ. ಹಿಂಬದಿಯಲ್ಲಿ, ನನ್ನದೇ ಅಕ್ಷರದಲ್ಲಿ ಇತ್ತು: 'ಅಡುಗೆ: ಪುಟ್ಟಮ್ಮ.'