ಹುಚ್ಚೀರಯ್ಯನ ಹಾಲುತುಪ್ಪ

ಬಸರಾಳು ಕಡೆಯ ಆಲೆಮನೆಗಳಲ್ಲಿ ಪಾಕದ ಹದ ನೋಡುವುದಕ್ಕೆ ಹುಚ್ಚೀರಯ್ಯನೇ ಬರಬೇಕಿತ್ತು. ಕುದಿಯುವ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಬಾಯಿಗೆ ಹಾಕಿಕೊಂಡು ಅವನು ತಲೆಯಾಡಿಸಿದರೆ ಕೊಪ್ಪರಿಗೆ ಇಳಿಯುತ್ತಿತ್ತು. ಒಂದು ಸುಗ್ಗಿಯಲ್ಲಿ ಅವನ ಉಚ್ಚೆಗೆ ಇರುವೆ ಮುತ್ತತೊಡಗಿದವು. ದಿನವಿಡೀ ಬೆಲ್ಲ ಮೆಲ್ಲುವವನಿಗೆ ಇನ್ನೇನಾಗುತ್ತದೆ ಎಂದು ಊರು ನಕ್ಕಿತು. ಹೆಂಡತಿ ಚಿಕ್ಕನಂಜಮ್ಮ ನಗಲಿಲ್ಲ. ಗಾಡಿ ಕಟ್ಟಿಸಿ ಗಂಡನನ್ನು ಮಂಡ್ಯದ ಡಾಕ್ಟರು ಯೋಗಾನರಸಿಂಹಯ್ಯನವರ ಹತ್ತಿರ ಕರೆದೊಯ್ದಳು.

ಸಿಹಿಮೂತ್ರದ ಕಾಯಿಲೆ, ಬೆಲ್ಲ ಮುಟ್ಟಕೂಡದು, ಅನ್ನ ಕಮ್ಮಿ ಮಾಡಿ ಎಂದರು ಡಾಕ್ಟರು. ಇದರ ಸೂಜಿಮದ್ದು ಸೀಮೆಯಿಂದ ಹಡಗಿನಲ್ಲಿ ಬರಬೇಕು, ಯುದ್ಧ ಮುಗಿಯುವ ತನಕ ಅದರ ಆಸೆ ಬೇಡ ಎಂದೂ ಹೇಳಿದರು.

ಗಂಡ ಉಳಿಯಬೇಕು, ಅವಳಿಗೆ ಅಷ್ಟೇ. ಮನೆಯಲ್ಲಿದ್ದ ಬೆಲ್ಲದ ಅಚ್ಚುಗಳನ್ನೆಲ್ಲ ಅಣ್ಣನ ಮನೆಗೆ ಸಾಗಿಸಿದಳು. ಪಾಕ ಬಾಯಿಗೆ ಹಾಕುವುದಿಲ್ಲವೆಂದು ಊರದೇವತೆ ಪಟ್ಟಲದಮ್ಮನ ಆಣೆ ಇಡಿಸಿದಳು. ಹುಚ್ಚೀರಯ್ಯ ಆಣೆ ತಪ್ಪಲಿಲ್ಲ, ಆದರೂ ಸೊರಗಿದ. ಮೈಗೆ ಬಲ ಬರಲು ಏನಾದರೂ ಕೊಡಬೇಕಲ್ಲ? ತುಪ್ಪ ಬೇಡವೆಂದು ಯಾರೂ ಹೇಳಿರಲಿಲ್ಲ. ಮನೆಯ ಎಮ್ಮೆ ಹಾಲು ಕರೆಯುತ್ತಿತ್ತು. ಬೆಳಿಗ್ಗೆ ಬೆಣ್ಣೆ, ಮಧ್ಯಾಹ್ನ ಮುದ್ದೆಯ ಗುಳಿ ತುಂಬ ತುಪ್ಪ, ರಾತ್ರಿ ಮತ್ತೆ ತುಪ್ಪ. ಎದೆಗೆ ಒಳ್ಳೆಯದೆಂದು ಪಕ್ಕದಲ್ಲೇ ಕೂತು ಉಣ್ಣಿಸುತ್ತಿದ್ದಳು. ಅವನಿಗೆ ಪಾದ ಜೋಮು ಹಿಡಿದು, ಕೆಂಡ ತುಳಿದರೂ ಗೊತ್ತಾಗದ ಹಾಗಾಯಿತು. ಅದಕ್ಕೂ ತುಪ್ಪವನ್ನೇ ತಿಕ್ಕಿದಳು, ಪಾಪ.

ಮುಂದಿನ ಸುಗ್ಗಿಯಲ್ಲಿ ಕೊಪ್ಪರಿಗೆಯ ಮುಂದೆ ಕೂತಿದ್ದವನು ಬೆವತು ಗೋಡೆಗೆ ಒರಗಿದ. ನೋವಿಲ್ಲ, ಸುಸ್ತು ಅಷ್ಟೇ ಎಂದ. ಮಂಡ್ಯಕ್ಕೆ ಹೋಗುವಾಗ ಗಾಡಿಯಲ್ಲಿ ಒಂದೇ ಮಾತು ಕೇಳಿದ.

"ಬಾಯಿ ಸಪ್ಪಗದೆ ಕಣಮ್ಮಿ. ಒಂದ್ ಚೂರು ಬೆಲ್ಲ ಕೊಡು."

ಡಾಕ್ಟರನ್ನು ಕೇಳೋಣ ಎಂದಳು. ಡಾಕ್ಟರು ಕೈಹಿಡಿದು ನೋಡುವಷ್ಟರಲ್ಲಿ ಅವನು ಹೋಗಿದ್ದ.

ಏನು ಉಣ್ಣುತ್ತಿದ್ದ ಎಂದು ಅವರು ಕೇಳಿದರು. ಬೆಲ್ಲದ ವಾಸನೆಯನ್ನೂ ತೋರಿಸಿಲ್ಲ, ಬರೀ ತುಪ್ಪದಲ್ಲೇ ಸಾಕಿದೆ ಎಂದಳು. ಡಾಕ್ಟರು ಮೆಲ್ಲಗೆ ತಿಳಿಸಿ ಹೇಳಿದರು. ಈ ಕಾಯಿಲೆಯಲ್ಲಿ ರಕ್ತದ ತುಂಬ ಸಕ್ಕರೆಯಿದ್ದರೂ ಗುಂಡಿಗೆಗೆ ಅದು ದಕ್ಕುವುದಿಲ್ಲ, ಕೊಬ್ಬನ್ನೇ ಉರಿಸಿಕೊಂಡು ಬಡಿಯುತ್ತದೆ. ಉರಿಸಲಾಗದಷ್ಟು ಕೊಬ್ಬು ಬಂದರೆ ಗುಂಡಿಗೆಯ ಮಾಂಸದೊಳಗೇ ಕೂತು ಅದನ್ನು ಸಡಿಲ ಮಾಡುತ್ತದೆ. ಚಿಕ್ಕನಂಜಮ್ಮನಿಗೆ ಆಲೆಮನೆಯ ಒಲೆ ಕಣ್ಣಿಗೆ ಬಂತು. ಒಲೆಯ ಬಾಯಿತುಂಬ ಕಬ್ಬಿನ ಸಿಪ್ಪೆ ತುರುಕಿದರೆ ಅದು ಉರಿಯದೆ ಹೊಗೆಯುತ್ತದೆ. ತುಪ್ಪವೊಂದೇ ಕಾರಣವಲ್ಲ, ಕಾಯಿಲೆಯೇ ಅಂಥದ್ದು, ನಾನೂ ಹೇಳಿರಲಿಲ್ಲ ಎಂದು ಅವರು ಆಮೇಲೆ ಅಂದದ್ದು ಅವಳ ಕಿವಿಗೆ ಬೀಳಲಿಲ್ಲ.

ಅವಳು ಅಳಲಿಲ್ಲ. ಅಳು ಬರಲಿಲ್ಲ. ಅವನ ಪಾದದ ಜೋಮು ತನ್ನ ಒಳಗೂ ಹತ್ತಿದಂತಿತ್ತು. ಮಣ್ಣು ಮಾಡಿ ಬಂದ ಮೇಲೆ ಎಮ್ಮೆ ಕರೆದಳು, ಹೆಪ್ಪು ಹಾಕಿದಳು, ಬೆಳಿಗ್ಗೆ ಎದ್ದು ಮಜ್ಜಿಗೆ ಕಡೆದಳು. ಬೆಣ್ಣೆ ತೆಗೆಯುವಾಗ ಮಾತ್ರ ಕೈ ನಿಂತಿತು.

ಮೂರನೆಯ ದಿನ ಹಾಲುತುಪ್ಪ, ಮಣ್ಣು ಮಾಡಿದ ಜಾಗಕ್ಕೆ ಹಾಲು ತುಪ್ಪ ಬಿಡುವ ಶಾಸ್ತ್ರ. ನೆಂಟರೆಲ್ಲ ಗುಡ್ಡೆಯ ಸುತ್ತ ನಿಂತರು. ಚಿಕ್ಕನಂಜಮ್ಮ ಮಣ್ಣಿನ ಮೇಲೆ ಹಾಲು ಬಿಟ್ಟಳು. ಮೈದುನ ಕರಿಸಿದ್ದಯ್ಯ ತುಪ್ಪದ ಬಟ್ಟಲು ಚಾಚಿದ. ಅವಳು ಕೈ ಎತ್ತಲಿಲ್ಲ.

"ತುಪ್ಪ ಬುಡು ಅತ್ಗೆ, ಒತ್ತಾಯ್ತದೆ."

"ಬದುಕಿದ್ದಾಗ್ಲೇ ಬುಟ್ಟಿವ್ನಿ. ಸಾಕು."

ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರೊಂದನ್ನು ಅವನ ತಲೆಯ ಕಡೆ ಇಟ್ಟಳು. ನೆಂಟರು ಮುಖ ಮುಖ ನೋಡಿಕೊಂಡು ಮನೆಯ ಕಡೆ ಹೊರಟರು. ಅವಳು ಅಲ್ಲೇ ಕೂತಳು. ಸ್ವಲ್ಪ ಹೊತ್ತಿಗೆ ಬೆಲ್ಲಕ್ಕೆ ಇರುವೆ ಬಂದವು. ಅವಳು ಓಡಿಸಲಿಲ್ಲ.