ಅಟ್ಟದಲ್ಲಿ ನಿಂತ ಹೊಗೆ

ಹೊಗೆಯಿಲ್ಲದ ಒಲೆ ಬಂತು, ಹೊಗೆ ಹೋಯಿತು, ಸೌದೆ ಉಳಿಯಿತು. ಎಲ್ಲರೂ ಹೇಳುವುದು ಇಷ್ಟೇ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನೂ ಇದನ್ನೇ ಹೇಳಿ ಬಹುಮಾನ ಗೆದ್ದಿದ್ದೆ. ಆ ಹೊಗೆ ಎಲ್ಲಿಗೆ ಹೋಯಿತು ಎಂದು ಎದುರು ಪಕ್ಷದವರು ಕೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಕೇಳುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ, ಬೆಳಗಿನ ರೈಲಿನಿಂದ ಅರಸೀಕೆರೆಯಲ್ಲಿ ಇಳಿದೆವು. ಜೊತೆಗೆ ದೊಡ್ಡಮ್ಮನ ಮಗಳು ಸುಧಕ್ಕ. ಕಡಿಮೆ ಸೌದೆಯಲ್ಲಿ ಅಡುಗೆ ಮಾಡುವುದು ಹೇಗೆ ಎಂಬುದೇ ಅವಳ ಸಂಶೋಧನೆ. ಹಿಂದಿನ ವರ್ಷ ಅವಳ ತಂಡ ಹಂಚಿದ್ದ ಹೊಗೆಯಿಲ್ಲದ ಒಲೆಗಳನ್ನು ನೋಡಿ, ಮರುದಿನ ಬೇಲೂರಿನಲ್ಲಿ ಒಲೆ ಯೋಜನೆಯ ಸಭೆಗೆ ವರದಿ ಒಪ್ಪಿಸಬೇಕಿತ್ತು. ಸ್ಟೇಷನ್ನಿನ ಎದುರು ತಟ್ಟೆ ಇಡ್ಲಿ ತಿಂದು ಗಂಡಸಿಯ ಬಸ್ಸು ಹತ್ತಿದೆವು. ಮಂಜಿನಲ್ಲಿ ತೆಂಗಿನ ತೋಟಗಳು ಬುಡವೇ ಇಲ್ಲದಂತೆ ತೇಲುತ್ತಿದ್ದವು.

ಗಂಡಸಿಯಿಂದ ಒಂದು ಮೈಲಿ ನಡೆದರೆ, ಒಲೆ ಪಡೆದಿದ್ದ ಗೌರಮ್ಮನವರ ಮನೆ. ಅಂಗಳದಲ್ಲೇ ಸುಧಕ್ಕ ನಿಂತುಬಿಟ್ಟಳು. ಹೆಂಚಿನ ಮೇಲೆ ಇರಬೇಕಾದ ಹೊಗೆಕೊಳವೆ ಇರಲಿಲ್ಲ. ಮನೆಯೇ ನಿದ್ದೆಯಲ್ಲಿ ಉಸಿರಾಡುತ್ತಿರುವಂತೆ ಹೆಂಚಿನ ಸಂದಿಗಳಿಂದ ನೀಲಿ ಹೊಗೆ ಮೆಲ್ಲಗೆ ಏಳುತ್ತಿತ್ತು.

ಅಡುಗೆಮನೆಯಲ್ಲಿ ಮಾತ್ರ ಹೊಗೆಯ ಸುಳಿವಿಲ್ಲ. ಏಣಿ ಹತ್ತಿ ಅಟ್ಟಕ್ಕೆ ಹೋದೆವು. ಕೊಳವೆಯನ್ನು ಅಲ್ಲೇ ಮೊಣಕಾಲೆತ್ತರಕ್ಕೆ ಗರಗಸದಲ್ಲಿ ಕೊಯ್ದು, ಅದರ ಬಾಯಿಯ ಮೇಲೆ, ತೂತು ಕೊರೆದ ಮಡಕೆಯೊಂದನ್ನು ಬೋರಲು ಹಾಕಿದ್ದರು. ಸುತ್ತ ತೆಂಗಿನಕಾಯಿಯ ರಾಶಿ. ಗಾಜಿನ ಹೆಂಚಿನಿಂದ ಇಳಿದ ಬಿಸಿಲು ಹೊಗೆಯೊಳಗೆ ಕಂಬದಂತೆ ನಿಂತಿತ್ತು.

"ಏನ್ ಗೌರಮ್ಮ, ಕೊಳವೆ ಕೊಯ್ದುಬಿಟ್ಟಿದೀರಲ್ಲ!" ಎಂದಳು ಸುಧಕ್ಕ.

"ಮತ್ತೇನವ್ವ ಮಾಡ್ಲಿ? ಹೊಗೆ ಕುಡುದ್ರೇನೆ ಕಾಯಿ ಉಂಡೆ ಕೊಬ್ರಿ ಆಗಾದು. ನೀವು ಇರಾ ಹೊಗೆನೆಲ್ಲ ಆಕಾಸುಕ್ಕೆ ಕಳುಸ್ಬುಟ್ರಿ. ಹೋದ್ ಮಳೆಗಾಲ ಅಟ್ಟದ್ ಕಾಯೆಲ್ಲ ಬೂಸ್ಟು!"

"ಕಿಡಿ ಹಾರಿದ್ರೆ?" ಎಂದು ನಾನು ವಾದಕ್ಕಿಳಿದೆ.

"ಮಡಕೆ ಯಾಕೆ ಇಕ್ಕಿವ್ನಿ ಮತ್ತೆ? ಈವಪ್ಪ ಯಾರವ್ವ, ಲಾಯ್ರಾ?"

ಒಂದು ಕಾಯಿ ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಹೊಗೆಗೆ ಚೆನ್ನಾಗಿ ಒಣಗಿ ಚಿಪ್ಪು ಬಿಟ್ಟ ಕೊಬ್ಬರಿ ಒಳಗೆ ಲೊಟಲೊಟ ಎಂದಿತು.

ಸುಧಕ್ಕನ ನಮೂನೆಯಲ್ಲಿ ಪ್ರಶ್ನೆಯೊಂದಿತ್ತು: ಕೊಳವೆ ಚಾವಣಿಯಿಂದ ಆಚೆ ಇದೆಯೇ? 'ಇಲ್ಲ' ಎಂದು ಬರೆದರೆ ಒಲೆಯನ್ನು ಕಿತ್ತು ಬೇರೆ ಮನೆಗೆ ಕೊಡುವುದು ನಿಯಮ. ಅದನ್ನು ಕೇಳಿ ಗೌರಮ್ಮ ಅವಳ ಕೈ ಹಿಡಿದುಕೊಂಡರು. "ಅರ್ದ ಸೌದೆ ಸಾಕು ಈಗ, ಕೆಮ್ಮೂ ನಿಂತೈತೆ. ಕಿತ್ಕಂಡ್ ಹೋಗ್ಬ್ಯಾಡಿ ಕಣವ್ವ." ಆ ಕಾಯಿಯನ್ನು ನನ್ನ ಚೀಲಕ್ಕೆ ಹಾಕಿ ಕಳಿಸಿದರು.

ಮಧ್ಯಾಹ್ನ ಅರಸೀಕೆರೆಗೆ ಮರಳಿ, ಜಾವಗಲ್ ಮೇಲೆ ಹಳೇಬೀಡಿನ ಬಸ್ಸು. ಹಳ್ಳ ಸಿಕ್ಕಿದಾಗಲೆಲ್ಲ ಚೀಲದ ಕಾಯಿ ಲೊಟ್ಟೆನ್ನುತ್ತಿತ್ತು. ತೂಕಡಿಕೆಯಲ್ಲಿ ಅದು ಯಾರೋ ಬಾಗಿಲು ತಟ್ಟಿದಂತೆ ಕೇಳಿಸಿತು.

ಈ ವರ್ಷ ಹೊಸ ಒಲೆಗಳು ಬರಬೇಕಿದ್ದದ್ದು ಹಳೇಬೀಡಿನ ಪಕ್ಕದ ಹುಲಿಕೆರೆಗೆ. ಅಲ್ಲಿಯೂ ಅಟ್ಟಗಳ ತುಂಬ ಕಾಯಿ. ಇಳಿಬಿಸಿಲಿನಲ್ಲಿ ಊರಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತೆವು. ಕೆಳಗೆ ನೀರು ಹೊಗೆಯ ಬಣ್ಣಕ್ಕೆ ತಿರುಗಿತ್ತು. ನಮೂನೆ ಅವಳ ತೊಡೆಯ ಮೇಲಿತ್ತು, ಆ ಪ್ರಶ್ನೆಯ ಮುಂದಿನ ಜಾಗ ಇನ್ನೂ ಖಾಲಿ.

"'ಇಲ್ಲ' ಅಂದ್ರೆ ಗೌರಮ್ಮನ ಒಲೆ ಹೋಗುತ್ತೆ. 'ಹೌದು' ಅಂದ್ರೆ ಇದೇ ಮಾದರಿ ಸರಿ ಅಂತ ಇಲ್ಲೂ ಕೊಳವೆ ಹೆಂಚು ದಾಟುತ್ತೆ, ಇವರ ಕಾಯಿಗೂ ಬೂಸ್ಟು," ಎಂದಳು.

"ನಡೆದದ್ದನ್ನ ಹಾಳೆಯ ಅಂಚಿನಲ್ಲಿ ಬರಿ."

"ಅಂಚನ್ನ ಯಾರೂ ಓದಲ್ಲ ಕಣೋ."

ನಾನು ಚೀಲದಿಂದ ಕಾಯಿ ತೆಗೆದು ಅವಳ ಮುಂದೆ ಇಟ್ಟೆ.

"ಹಾಗಾದ್ರೆ ಸುಧಕ್ಕ, ನಾಳೆ ಬೇಲೂರಿನ ಸಭೇಲಿ ಎದ್ದು ನಿಂತು ಇದನ್ನ ಅಲ್ಲಾಡಿಸ್ತೀಯಾ?"