ದಂಡಿ ಹೋಗಿ ಸೈನ್ಯ ಬಂತು

ನಾನು ಸಿಂದಗಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ಹುಟ್ಟೂರು ಮುದ್ದೇಬಿಹಾಳ. ನಾಲ್ಕು ವರ್ಷ ರವಿವಾರ ಬಂತೆಂದರೆ ಕನ್ನೊಳ್ಳಿಯ ಬಸ್ಸು ಹತ್ತಿ, ಅಲ್ಲಿನ ಮುಸ್ಲಿಂ ದರ್ಜಿಯೊಬ್ಬರ ಅಂಗಡಿಯಲ್ಲಿ ಕೂತು ಮೊಹರಂ ಪದಗಳನ್ನು ಬರೆದುಕೊಂಡೆ. ಅಲಾಯಿ ಕುಣಿಯಲ್ಲಿ ಬೆಂಕಿ ಹಾಕಿ, ಅದರ ಸುತ್ತ ಹೆಜ್ಜೆ ಇಡುತ್ತ ಹಾಡುವ ಪದಗಳವು. ವೈರಿಗಳು ಹೊಳೆಯ ನೀರು ತಡೆದು ಕೂಸುಗಳನ್ನೂ ಬಾಯಾರಿಸಿದ ಕರ್ಬಲಾದ ದುಃಖವೆಲ್ಲ ನಮ್ಮ ಕಡೆಯ ಕನ್ನಡದಲ್ಲಿ. ದರ್ಜಿಯನ್ನು ನಾನು ಕಾಕಾ ಎನ್ನುತ್ತಿದ್ದೆ. ಮೇಳದ ಮುಂದಾಳು ಅವರೇ. ಹಿಂದೆ ದನಿಗೂಡಿಸುವವರಲ್ಲಿ ಅರ್ಧಕ್ಕರ್ಧ ಮಂದಿ ಲಿಂಗಾಯತ ರೈತರು. ಇದರಲ್ಲಿ ಯಾರಿಗೂ ಏನೂ ವಿಶೇಷ ಕಂಡಿರಲಿಲ್ಲ, ಪುಸ್ತಕ ಮಾಡಲು ಹೊರಟ ನನ್ನ ಹೊರತು.

ಬರೆದದ್ದನ್ನೆಲ್ಲ ದೂರದ ನಗರದ ಪ್ರಕಟಣಾ ಸಂಸ್ಥೆಯೊಂದಕ್ಕೆ ಕಳಿಸಿದೆ. ವರ್ಷ ದಾಟಿದ ಮೇಲೆ ತಜ್ಞರ ವರದಿ ಬಂತು. ‘ಹಾಡುಗಳ ಮೂಲ ಹಸ್ತಪ್ರತಿಯ ವಿವರ ಕೊಟ್ಟಿಲ್ಲ’ ಎಂಬುದು ಮೊದಲ ತಕರಾರು. ಹಸ್ತಪ್ರತಿ ಇಲ್ಲ, ಹಾಡುವ ಮನುಷ್ಯರಿದ್ದಾರೆ, ಕನ್ನೊಳ್ಳಿಗೆ ಬಂದರೆ ಭೇಟಿ ಮಾಡಿಸುತ್ತೇನೆ ಎಂದು ಬರೆದೆ. ‘ಹಾಗಾದರೆ ಮುದ್ರಿತ ಆಧಾರವಾದರೂ ಬೇಕು’ ಎಂದು ಮತ್ತೊಂದು ಪತ್ರ ಬಂತು. ಎಲ್ಲಿಯೂ ಮುದ್ರಣವಾಗಿಲ್ಲ ಎಂದೇ ತಾನೆ ನಾನು ಮುದ್ರಿಸಲು ಕೇಳುತ್ತಿದ್ದುದು! ಈ ಸರಳ ಮಾತನ್ನು ಅವರಿಗೆ ಒಪ್ಪಿಸಲು ಏಳು ತಿಂಗಳು ಹಿಡಿಯಿತು.

ಕೊನೆಗೂ ಕರಡು ಪ್ರತಿ ಮೊಬೈಲಿಗೆ ಬಂದ ದಿನ, ಸ್ಟಾಫ್ ರೂಮಿನಲ್ಲೇ ತೆರೆದು ನೋಡಿದೆ. ಕಾಕಾ ಹಾಡಿದ್ದು ಹೀಗೆ:

ಹೊಳಿ ತುಂಬ ನೀರೈತಿ, ದಂಡಿಗಿ ಕಾವಲೈತಿ,
ಕೂಸಿನ ಬಾಯಾಗ ಉರಿ ಐತಿ.

ಕರಡಿನಲ್ಲಿದ್ದುದು ಹೀಗೆ:

ನದಿಯ ತುಂಬ ನೀರಿದೆ, ಸೈನ್ಯಕ್ಕೆ ಕಾವಲಿದೆ,
ಮಗುವಿನ ಬಾಯಿಯಲ್ಲಿ ಉರಿ ಇದೆ.

ದಂಡಿ ಎಂದರೆ ಹೊಳೆಯ ದಡ. ಅದನ್ನು ದಂಡು ಎಂದು ತಿಳಿದು ಸೈನ್ಯ ಮಾಡಿದ್ದರು. ನೀರನ್ನು ಕಾಯಬೇಕಾದ ಕಾವಲು ಈಗ ಸೈನ್ಯವನ್ನೇ ಕಾಯುತ್ತಿತ್ತು. ಪುಟದ ಕೆಳಗೆ ಅಡಿಟಿಪ್ಪಣಿ ಬೇರೆ: ‘ಅಲಾಯಿ ಕುಣಿ: ಒಂದು ಬಗೆಯ ನೃತ್ಯ.’ ಬೆಂಕಿಯ ಗುಂಡಿ ನೃತ್ಯವಾಗಿತ್ತು! ನಗಬೇಕೋ ಅಳಬೇಕೋ ತಿಳಿಯದೆ ಸಂಪಾದಕರಿಗೆ ಫೋನ್ ಹಚ್ಚಿದೆ.

“ಮೇಡಂ, ಓದೋರಿಗೆ ಅರ್ಥ ಆಗ್ಬೇಕಲ್ವಾ?” ಎಂದರು ಅವರು, ಬಹಳ ಮೆತ್ತಗೆ. “ಭಾಷೆ ಸ್ವಲ್ಪ ಶುದ್ಧ ಮಾಡಿದೀವಿ ಅಷ್ಟೆ.”

“ಅಶುದ್ಧ ಯಾವುದಿತ್ತು ಸರ್, ಅದನ್ನ ಹೇಳಿ.”

“ಹಾಗಲ್ಲ ಮೇಡಂ, ನಮ್ಮಲ್ಲಿ ಒಂದು ಶೈಲಿ ಅಂತ ಇದೆ.”

ಸಿಟ್ಟಿನಲ್ಲಿ ಫೋನಿಟ್ಟೆ. ನನಗೆ ನನ್ನ ಮೇಲೂ ಸಿಟ್ಟು ಬಂದಿತ್ತು. ತರಗತಿಯಲ್ಲಿ ಹುಡುಗಿಯರು ‘ಐತಿ’ ಎಂದು ಬರೆದಾಗ ಕೆಂಪು ಶಾಯಿಯಲ್ಲಿ ‘ಇದೆ’ ಎಂದು ತಿದ್ದುವವಳು ನಾನೇ ಅಲ್ಲವೆ?

ಮರುದಿನವೇ ಕನ್ನೊಳ್ಳಿಗೆ ಹೋದೆ. ಕಾಕಾ ಯಾರದೋ ಅಂಗಿಗೆ ಕಾಜಾ ಹೊಲಿಯುತ್ತಿದ್ದರು. ತಿದ್ದಿದ ಪದವನ್ನು ಓದಿ ಹೇಳಿದೆ. ಅವರು ಸೂಜಿಯನ್ನು ಕಾಲರಿಗೆ ಚುಚ್ಚಿಟ್ಟು, “ಇನ್ನೊಮ್ಮೆ ಓದ್ರಿ ಅಕ್ಕಾರ” ಎಂದರು. ಓದಿದೆ. ಎದ್ದು ನಿಂತು ಅದನ್ನೇ ಹಾಡಲು ನೋಡಿದರು. ಎರಡನೆಯ ಹೆಜ್ಜೆಗೇ ಕಾಲು ತೊಡರಿತು.

“ಇದು ಹೆಜ್ಜಿಗಿ ಬರಂಗಿಲ್ರಿ. ಯಾರು ಬರದಾರ ಇದನ್ನ?”

“ದೊಡ್ಡ ಓದಿದವರು ತಿದ್ಯಾರ ಕಾಕಾ.”

“ಓದಿರಬೇಕ್ರಿ, ಕುಣದಿಲ್ಲ. ಫೋನ್ ಹಚ್ರಿ ಅವರಿಗಿ.”

ಬೇಡವೆಂದರೂ ಕೇಳಲಿಲ್ಲ. ಹಚ್ಚಿ ಕೊಟ್ಟೆ. ಕಾಕಾ ಮೊದಲು ನಮಸ್ಕಾರ ಹೇಳಿ, ಊಟ ಆತೇನ್ರಿ ಎಂದು ವಿಚಾರಿಸಿ, ಆಮೇಲೆ ಹೇಳಿದರು: “ಸಾಹೇಬ್ರ, ನಿಮ್ಮದೊಂದು ಹಾಡ್ತೇನಿ, ನಮ್ಮದೊಂದು ಹಾಡ್ತೇನಿ. ಯಾವುದು ನೆಟ್ಟಗೈತಿ ನೀವಽ ಹೇಳ್ರಿ.” ಎರಡನ್ನೂ ಹಾಡಿದರು, ನೆಲಕ್ಕೆ ಹಿಮ್ಮಡಿ ಬಡಿಯುತ್ತ. ಮೂಲದ ಪದ ಹಾಡುವಾಗ ಅವರ ದನಿ ಒಡೆಯಿತು. ಕೂಸಿನ ಬಾಯಾರಿಕೆಯ ಜಾಗದಲ್ಲಿ ಅವರ ದನಿ ಯಾವಾಗಲೂ ಒಡೆಯುತ್ತಿತ್ತು. ಬಾಗಿಲಲ್ಲಿ ಬಟ್ಟೆ ಒಯ್ಯಲು ಬಂದ ಇಬ್ಬರು ಚಪ್ಪಲಿ ಕಳಚಿ ನಿಂತರು.

ಆ ಕಡೆಯಿಂದ ಸಂಪಾದಕರು, “ಇನ್ನೊಂದ್ಸಲ ಹಾಡ್ತೀರಾ?” ಎಂದರು. ಅದು ಆ ಕರಡಿನ ಸಲುವಾಗಿ ಕೇಳಿದ್ದಲ್ಲ ಎಂಬುದು ಅವರ ದನಿಯಲ್ಲೇ ಗೊತ್ತಾಯಿತು.

ಪದಗಳೆಲ್ಲ ಕಾಕಾ ಹಾಡಿದ ಹಾಗೇ ಮುದ್ರಣವಾದವು. ಗುಂಡಿ ಮತ್ತೆ ಗುಂಡಿಯಾಯಿತು. ಗೆದ್ದೆ ಎಂದುಕೊಂಡು, ಪುಸ್ತಕದ ಕಟ್ಟು ಬಂದ ದಿನವೇ ಒಂದು ಪ್ರತಿ ಹಿಡಿದು ಕನ್ನೊಳ್ಳಿಗೆ ಓಡಿದೆ. ಕಾಕಾ ತಿರುವಿ ಮುರುವಿ ನೋಡಿ, ಹಿಂಬದಿಯಲ್ಲಿ ಏನು ಬರೆದಿದೆ ಓದಿ ಎಂದರು. ನಾನು ಅದನ್ನು ನೋಡಿಯೇ ಇರಲಿಲ್ಲ. ಅದು ನನಗೆ ತೋರಿಸದೆ ಬರೆದ ಮಾತು. ಓದತೊಡಗಿದೆ: ‘ಅಳಿವಿನಂಚಿನಲ್ಲಿರುವ ಈ ಕಲೆಯ ಕೊನೆಯ ಕೊಂಡಿ...’

“ಅಳಿವಿನಂಚು ಅಂದ್ರ ಏನ್ರಿ?”

“ಸಾಯಾಕತ್ತೇತಿ ಅಂತ ಬರದಾರ ಕಾಕಾ” ಎಂದೆ.

“ಯಾವುದು? ನಮ್ಮ ಮ್ಯಾಳ?” ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ಹ್ವಾದ ಸಲ ಮುಂದಿನ ಸಾಲಿನ್ಯಾಗ ನಿಲ್ಲಾಕ ಜಾಗಾ ಸಾಲಲಿಲ್ಲಂತ ಬಡದಾಡ್ಯಾರ್ರಿ. ಬಾಗೇವಾಡಿಯಿಂದ ಬೀಗರು ಬಂದು ಜಗಳಾ ಬಿಡಿಸಿದ್ರು. ಯಾರು ಸಾಯಾಕತ್ತಾರ?”

ಅಂದೇ ಸಂಪಾದಕರಿಗೆ ಫೋನ್ ಮಾಡಿದೆ. “ಹಿಂಬದಿಯಲ್ಲಿ ಹಾಗೆ ಬರೆಯೋದು ವಾಡಿಕೆ ಮೇಡಂ” ಎಂದರು, ಅದೇ ಮೆತ್ತನೆಯ ದನಿಯಲ್ಲಿ. ನನ್ನ ಪಾಲಿಗೆ ಬಂದ ಹತ್ತು ಪ್ರತಿಗಳಲ್ಲಿ ಆ ಸಾಲನ್ನು ಪೆನ್ನಿನಿಂದ ಹೊಡೆದು ಹಾಕಿದ್ದೇನೆ. ಉಳಿದವುಗಳಲ್ಲಿ ಕಾಕಾನ ಮೇಳ ಇನ್ನೂ ಸಾಯುತ್ತಲೇ ಇದೆ.